ಹಳೆಯ ಲಾರಿಯಲ್ಲಿ ಒಂದು ಸಿಲಿಂಡರ್ ಮಿಸ್ ಆದಾಗ ದೋಷ ಹುಡುಕುವ ಕ್ರಮ

ಕೆಂಪುಕಲ್ಲು, ಜಲ್ಲಿ, ಹಂಚು, ಮೀನು ಎಂದು ನಮ್ಮ ಕರಾವಳಿಯ ಹೊರೆ ಹೊರುತ್ತಿರುವ ಹಳೆಯ ಲಾರಿಗಳಲ್ಲಿ, ಆರು ಸಿಲಿಂಡರುಗಳ ಪೈಕಿ ಒಂದು ಸರಿಯಾಗಿ ಉರಿಯದೆ ಇಂಜಿನ್ ಮಿಸ್ ಹೊಡೆಯುವುದು ಆಗಾಗ ಕಾಣುವ ತೊಂದರೆ. ತೊಂದರೆ ಸಾಮಾನ್ಯವಾದರೂ ಅದರ ರಿಪೇರಿ ಹಲವು ಬಾರಿ ಕ್ರಮ ತಪ್ಪಿರುತ್ತದೆ. ಮೊದಲು ಡೀಸೆಲ್ ಪಂಪ್ ಇಳಿಸಿ ಕ್ಯಾಲಿಬ್ರೇಷನ್ನಿಗೆ (ಪ್ರತಿ ಸಿಲಿಂಡರಿಗೆ ಹೋಗುವ ಡೀಸೆಲ್ ಅಳೆದು ಹೊಂದಿಸಲು) ಕಳುಹಿಸುತ್ತಾರೆ, ಆಮೇಲೆ ಸಿಲಿಂಡರಿಗೆ ಡೀಸೆಲ್ ಸಿಂಪಡಿಸುವ ಆರೂ ನೋಜಲ್ ಬದಲಿಸುತ್ತಾರೆ, ಅಷ್ಟಕ್ಕೂ ಮಿಸ್ ಹೋಗದಿದ್ದಾಗ ಹೆಡ್ (ಸಿಲಿಂಡರುಗಳನ್ನು ಮೇಲಿನಿಂದ ಮುಚ್ಚುವ ಭಾಗ) ಬಿಚ್ಚಲು ಹೊರಟು ಅದರ ಮೇಲಿನ ಟ್ಯಾಪೆಟ್ ಕವರ್ ತೆಗೆದರೆ ಅಲ್ಲಿ ಸಿಗುವುದು ಬಾಗಿದ ಒಂದು ಪುಷ್ ರಾಡ್, ಅಂದರೆ ವಾಲ್ವ್ ತೆರೆಯಲು ತಳ್ಳುವ ಕಡ್ಡಿ. ಮಿಸ್ ಆಗುತ್ತಿರುವುದು ಯಾವ ಸಿಲಿಂಡರ್, ಮತ್ತು ಅದಕ್ಕೆ ಕೊರತೆಯಾಗಿರುವುದು ಡೀಸೆಲೋ ಕಂಪ್ರೆಶನ್ನೋ (ಸಿಲಿಂಡರಿನೊಳಗೆ ಗಾಳಿ ಒತ್ತಿ ಬರುವ ಒತ್ತಡವೋ) ಎಂಬ ಎರಡು ಪ್ರಶ್ನೆಗಳಿಗೆ ಉತ್ತರ ಸಿಗುವವರೆಗೆ ಒಂದು ವಾಷರನ್ನೂ ಕೊಳ್ಳಬಾರದು ಎಂಬುದು ಈ ಬರಹದ ಉದ್ದಕ್ಕೂ ನಾನು ಹಿಡಿದಿರುವ ನಿಲುವು. ಈ ಉತ್ತರಗಳನ್ನು ಪಡೆಯಲು ದುಬಾರಿ ಉಪಕರಣ ಬೇಕಾಗಿಲ್ಲ; ಸ್ಪಾನರ್, ಸಣ್ಣ ಸಂದು ಅಳೆಯುವ ಫೀಲರ್ ಗೇಜ್, ಗಾಳಿ ತುಂಬುವ ಕಂಪ್ರೆಸರ್ ಮತ್ತು ತಾಳ್ಮೆ ಇದ್ದರೆ ಬಹುಪಾಲು ಕೆಲಸ ಆಗುತ್ತದೆ.

ಇಲ್ಲಿ ಹೇಳುವುದೆಲ್ಲ ಯಾಂತ್ರಿಕ ಇನ್‌ಲೈನ್ ಪಂಪ್ ಇರುವ ಇಂಜಿನುಗಳಿಗೆ ಮಾತ್ರ ಅನ್ವಯಿಸುತ್ತದೆ. ಟಾಟಾ ಲಾರಿಗಳ ಹಳೆಯ 697 ಇಂಜಿನ್ ಇದಕ್ಕೆ ಒಳ್ಳೆಯ ಉದಾಹರಣೆ. ಆರು ಸಿಲಿಂಡರ್ ಮತ್ತು 97 ಮಿ.ಮೀ. ಬೋರ್ ಎಂಬುದನ್ನು ಅದರ ಹೆಸರೇ ತಿಳಿಸುತ್ತದೆ. ಅಶೋಕ್ ಲೇಲ್ಯಾಂಡಿನ, ಜಪಾನಿನ ಹಿನೊ ಕಂಪನಿ ಮೂಲದ ಆರು ಸಿಲಿಂಡರ್ ಇಂಜಿನುಗಳಲ್ಲಿಯೂ ಹಳೆಯವು ಇದೇ ವರ್ಗಕ್ಕೆ ಸೇರುತ್ತವೆ. ಇಂಥ ಪಂಪಿನಿಂದ ಪ್ರತಿ ಸಿಲಿಂಡರಿಗೂ ಬೇರೆ ಬೇರೆ ಹೈ ಪ್ರೆಶರ್ ಪೈಪ್ ಹೊರಟಿರುತ್ತದೆ. ಅದರ ಬದಲು ಎಲ್ಲ ನೋಜಲುಗಳಿಗೂ ಒಂದೇ ದಪ್ಪ ರೈಲಿನಿಂದ ಡೀಸೆಲ್ ಹೋಗುತ್ತಿದ್ದು, ಪ್ರತಿ ನೋಜಲಿನ ತಲೆಯ ಮೇಲೆ ವೈರಿನ ಸಾಕೆಟ್ ಕಂಡರೆ ಅದು ಕಾಮನ್ ರೈಲ್ ಇಂಜಿನ್. ಅದರ ಪೈಪಿನಲ್ಲಿ ಭಾರೀ ಒತ್ತಡ ಇಂಜಿನ್ ಓಡುವಷ್ಟು ಹೊತ್ತೂ ನಿಂತಿರುತ್ತದೆ; ಹೊರೆ ಬಿದ್ದಾಗ ಅದು 1000 ಬಾರ್ (1 ಬಾರ್ ಎಂದರೆ ಸುಮಾರಾಗಿ ವಾತಾವರಣದ ಒತ್ತಡ) ಮೀರುತ್ತದೆ. ಇಂಜಿನ್ ಓಡುತ್ತಿರುವಾಗ ಅಂಥ ಪೈಪಿನ ನಟ್ಟನ್ನು ಸಡಿಲಿಸುವುದು ಪ್ರಾಣಕ್ಕೇ ಅಪಾಯ.

ಕೆಲಸಕ್ಕೆ ಇಳಿಯುವ ಮುನ್ನ

ಹ್ಯಾಂಡ್ ಬ್ರೇಕ್ ಎಳೆದು, ಗೇರ್ ನ್ಯೂಟ್ರಲ್‌ಗೆ ತಂದು, ಎರಡೂ ಬದಿಯ ಚಕ್ರಗಳಿಗೆ ಅಡ್ಡೆ ಇಡಬೇಕು. ಕ್ಯಾಬಿನ್ ಎತ್ತುವ ಲಾರಿಯಾದರೆ ಅದರ ತಡೆಕೊಕ್ಕೆ ಸರಿಯಾಗಿ ಕೂತಿದೆಯೇ ಎಂದು ಕೈಯಿಂದ ಮುಟ್ಟಿ ನೋಡಿಕೊಳ್ಳಬೇಕು. ಡೀಸೆಲ್ ಚೆಲ್ಲುವ ಕೆಲಸವಾದ್ದರಿಂದ ಎಕ್ಸಾಸ್ಟ್ ಮ್ಯಾನಿಫೋಲ್ಡಿನ ಮೇಲೆ ಹನಿ ಬೀಳದಂತೆ ಬಟ್ಟೆ ಸುತ್ತಿ, ಬೆಂಕಿ ಆರಿಸುವ ಸಿಲಿಂಡರನ್ನು ಕೈಗೆಟುಕುವಲ್ಲಿ ಇಟ್ಟುಕೊಳ್ಳಬೇಕು. ಕಣ್ಣಿಗೆ ಕನ್ನಡಕ ಕಡ್ಡಾಯ. ನೋಜಲಿನಿಂದಾಗಲಿ ಸೋರುವ ಪೈಪಿನಿಂದಾಗಲಿ ಹೊರಬರುವ ಸೂಜಿಯಂಥ ಡೀಸೆಲ್ ಧಾರೆ ಚರ್ಮವನ್ನು ತೂರಿ ಒಳಗೆ ಹೋಗಬಲ್ಲದು. ಹೊರಗೆ ಚುಚ್ಚಿದ ಗುರುತಷ್ಟೇ ಕಂಡರೂ ಒಳಗಿನ ಮಾಂಸ ಕೊಳೆತು ಬೆರಳನ್ನೇ ಕಳೆದುಕೊಳ್ಳುವ ಪ್ರಮೇಯ ಬರುತ್ತದೆ. ಹಾಗೇನಾದರೂ ಆದರೆ ಮುಲಾಮು ಹಚ್ಚಿ ಕಾಯಬಾರದು. ಆ ಕ್ಷಣವೇ ಶಸ್ತ್ರಚಿಕಿತ್ಸೆಯ ಸೌಲಭ್ಯವಿರುವ ಆಸ್ಪತ್ರೆಗೆ ಹೋಗಿ, ಒತ್ತಡದ ಡೀಸೆಲ್ ಚರ್ಮದೊಳಗೆ ಹೋಗಿದೆ ಎಂದು ವೈದ್ಯರಿಗೆ ಸ್ಪಷ್ಟವಾಗಿ ಹೇಳಬೇಕು.

ಶಬ್ದ ಮತ್ತು ಹೊಗೆ ಹೇಳುವುದೇನು

ನಾಲ್ಕು ಸ್ಟ್ರೋಕಿನ ಇಂಜಿನಿನಲ್ಲಿ ಪ್ರತಿ ಸಿಲಿಂಡರ್ ಎರಡು ಸುತ್ತಿಗೊಮ್ಮೆ ಉರಿಯುತ್ತದೆ. ಐಡ್ಲಿಂಗ್ (ಆಕ್ಸಿಲರೇಟರ್ ಒತ್ತದಿರುವಾಗಿನ ವೇಗ) 600 ಆರ್‌ಪಿಎಂ, ಅಂದರೆ ನಿಮಿಷಕ್ಕೆ 600 ಸುತ್ತು ಇದ್ದರೆ ಆರು ಸಿಲಿಂಡರುಗಳು ಸೇರಿ ನಿಮಿಷಕ್ಕೆ 1800 ಬಾರಿ ಉರಿಯಬೇಕು. ಒಂದು ಸತ್ತರೆ ಸೆಕೆಂಡಿಗೆ ಐದು ಬಾರಿಯಂತೆ, ಸಮನಾದ ಅಂತರದಲ್ಲಿ, ಶಬ್ದದಲ್ಲಿ ಒಂದು ಖಾಲಿ ಜಾಗ ಕೇಳಿಸುತ್ತದೆ. ಸೈಲೆನ್ಸರಿನ ಬಾಯಿಯ ಮುಂದೆ ಒಂದು ಬಟ್ಟೆ ಹಿಡಿದರೆ ಅದು ಅದೇ ಲಯದಲ್ಲಿ ತಡವರಿಸುವುದು ಕಣ್ಣಿಗೂ ಕಾಣುತ್ತದೆ. ಈ ಖಾಲಿ ಜಾಗ ಲಯಬದ್ಧವಾಗಿದ್ದರೆ ದೋಷ ಒಂದು ನಿರ್ದಿಷ್ಟ ಸಿಲಿಂಡರಿನಲ್ಲಿದೆ. ಒಮ್ಮೆ ಬಂದು ಒಮ್ಮೆ ಮರೆಯಾಗುವ, ಇಂಜಿನ್ ಏರಿಳಿದು ಒದ್ದಾಡುವ ಮಿಸ್ ಆದರೆ ಮೊದಲು ಡೀಸೆಲ್ ಲೈನಿನಲ್ಲಿ ಗಾಳಿ, ನೀರು, ಕಟ್ಟಿದ ಫಿಲ್ಟರ್ ಇವುಗಳನ್ನು ನೋಡಬೇಕು. ಟ್ಯಾಂಕಿನಿಂದ ಫೀಡ್ ಪಂಪಿನವರೆಗಿನ (ಟ್ಯಾಂಕಿನಿಂದ ಡೀಸೆಲ್ ಎಳೆಯುವ ಸಣ್ಣ ಪಂಪ್) ಪೈಪ್ ಎಳೆತದ ಭಾಗವಾದ್ದರಿಂದ ಹೊರಗೆ ಒಂದು ಹನಿಯೂ ಸೋರದೆ ಗಾಳಿಯನ್ನು ಒಳಗೆ ಎಳೆದುಕೊಳ್ಳಬಲ್ಲದು ಎಂಬುದು ಅನೇಕರ ಗಮನಕ್ಕೆ ಬರುವುದಿಲ್ಲ.

ಹೊಗೆಯ ಬಣ್ಣವೂ ಸಾಕ್ಷಿಯೇ. ಕಣ್ಣು ಉರಿಸುವ ಬಿಳಿ ಹೊಗೆ ಬಂದರೆ ಡೀಸೆಲ್ ಸಿಲಿಂಡರಿಗೆ ಬರುತ್ತಿದೆ, ಆದರೆ ಉರಿಯುತ್ತಿಲ್ಲ ಎಂದು ಅರ್ಥ. ಕಂಪ್ರೆಶನ್ ಕಡಿಮೆ ಇರಬಹುದು ಅಥವಾ ನೋಜಲ್ ಸಿಂಪಡಿಸದೆ ಹನಿಸುತ್ತಿರಬಹುದು. ಮಿಸ್ಸಿನ ಜೊತೆಗೆ ಕಪ್ಪು ಹೊಗೆಯೂ ಟಕಟಕ ಬಡಿತವೂ ಇದ್ದರೆ ನೋಜಲಿನ ಮೇಲೆ ಸಂಶಯ ಹೆಚ್ಚುತ್ತದೆ. ಮಿಸ್ ಇದ್ದೂ ಹೊಗೆಯೇ ಇಲ್ಲದಿದ್ದರೆ ಆ ಸಿಲಿಂಡರಿಗೆ ಡೀಸೆಲ್ ತಲುಪುತ್ತಲೇ ಇಲ್ಲದಿರುವ ಸಾಧ್ಯತೆ ಇದೆ. ನೀಲಿ ಹೊಗೆ ಆಯಿಲ್ ಉರಿಯುವುದರ ಗುರುತು. ಆದರೆ ಮಳೆಗಾಲದ ಬೆಳಗ್ಗೆ, ಗಾಳಿಯೇ ಹಸಿಯಾಗಿರುವಾಗ, ಸರಿಯಿರುವ ಇಂಜಿನ್ ಕೂಡ ಮೊದಲ ಕೆಲವು ನಿಮಿಷ ಬಿಳಿ ಆವಿ ಬಿಡುತ್ತದೆ. ಆದ್ದರಿಂದ ಟೆಂಪರೇಚರ್ ಮುಳ್ಳು ತನ್ನ ಸ್ಥಾನಕ್ಕೆ ಬಂದ ಮೇಲೆಯೇ ಹೊಗೆಯ ಬಗ್ಗೆ ತೀರ್ಮಾನಿಸಬೇಕು.

ಯಾವ ಸಿಲಿಂಡರ್: ಪೈಪ್ ಸಡಿಲಿಸಿ ನೋಡುವುದು

ಸಿಲಿಂಡರುಗಳನ್ನು ರೇಡಿಯೇಟರಿನ ಕಡೆಯಿಂದ ಒಂದು, ಎರಡು ಎಂದು ಎಣಿಸಬೇಕು. ಇಂಜಿನ್ ಬಿಸಿಯಾದ ಮೇಲೆ ಐಡ್ಲಿಂಗ್‌ಗಿಂತ ಸ್ವಲ್ಪ ಮೇಲೆ, ಮಿಸ್ ಸ್ಪಷ್ಟವಾಗಿ ಕೇಳುವ ವೇಗದಲ್ಲಿ ಆಕ್ಸಿಲರೇಟರನ್ನು ನಿಲ್ಲಿಸಬೇಕು. ಪೈಪಿನ ನಟ್ಟಿಗೆ ಬಿಗಿಯಾಗಿ ಕೂರುವ ಸ್ಪಾನರಿನಿಂದ (ಸಾಮಾನ್ಯವಾಗಿ 17 ಅಥವಾ 19) ಒಂದನೇ ನೋಜಲಿನ ಮೇಲಿರುವ ನಟ್ಟನ್ನು ಅರ್ಧ ಸುತ್ತು ಸಡಿಲಿಸಬೇಕು. ನಟ್ಟಿನ ಸುತ್ತ ದಪ್ಪ ಬಟ್ಟೆ ಇರಲಿ. ಡೀಸೆಲ್ ಅಲ್ಲೇ ಹೊರಬಂದು ಆ ಸಿಲಿಂಡರ್ ಉರಿಯುವುದು ನಿಲ್ಲುತ್ತದೆ. ಅದು ಅಲ್ಲಿಯವರೆಗೆ ಕೆಲಸ ಮಾಡುತ್ತಿದ್ದರೆ ಇಂಜಿನಿನ ವೇಗ ಕುಗ್ಗಿ ಶಬ್ದ ಬದಲಾಗುತ್ತದೆ. ಈ ಬದಲಾವಣೆಯನ್ನು ಮೊದಲ ಒಂದೆರಡು ಸೆಕೆಂಡಿನಲ್ಲಿಯೇ ಹಿಡಿಯಬೇಕು, ಏಕೆಂದರೆ ಕುಗ್ಗಿದ ವೇಗವನ್ನು ಸರಿದೂಗಿಸಲು ಪಂಪಿನಲ್ಲಿರುವ ವೇಗ ನಿಯಂತ್ರಕ ಗವರ್ನರ್ ಉಳಿದವುಗಳಿಗೆ ಹೆಚ್ಚು ಡೀಸೆಲ್ ಕೊಡಲು ಆರಂಭಿಸುತ್ತದೆ. ನಟ್ಟನ್ನು ಮತ್ತೆ ಬಿಗಿದು, ಇಂಜಿನ್ ತನ್ನ ಲಯಕ್ಕೆ ಮರಳಿದ ಮೇಲೆ ಮುಂದಿನದಕ್ಕೆ ಹೋಗಬೇಕು. ಯಾವುದನ್ನು ಸಡಿಲಿಸಿದರೂ ಇಂಜಿನಿನ ಶಬ್ದದಲ್ಲಿ ವ್ಯತ್ಯಾಸವೇ ಆಗುವುದಿಲ್ಲವೋ ಅದೇ ಸತ್ತ ಸಿಲಿಂಡರ್. ವ್ಯತ್ಯಾಸ ಇದ್ದೂ ಉಳಿದವಕ್ಕಿಂತ ಕಡಿಮೆ ಎನಿಸಿದರೆ ಅದು ಅರೆಬರೆ ಕೆಲಸ ಮಾಡುತ್ತಿದೆ. ಆರೂ ಸಿಲಿಂಡರುಗಳ ಫಲಿತಾಂಶವನ್ನು ಬರೆದಿಟ್ಟುಕೊಳ್ಳಬೇಕು. ಪಕ್ಕಪಕ್ಕದ ಎರಡು ಸಿಲಿಂಡರುಗಳು ಒಟ್ಟಿಗೆ ದುರ್ಬಲವಾಗಿವೆ ಎಂಬಂಥ ಸುಳಿವು ಬರೆದಿಟ್ಟಾಗಲೇ ಕಣ್ಣಿಗೆ ಬೀಳುತ್ತದೆ.

ಇನ್ಫ್ರಾರೆಡ್ ಥರ್ಮಾಮೀಟರ್ ಇದ್ದವರು ಇದನ್ನು ಇನ್ನೊಂದು ದಾರಿಯಿಂದಲೂ ಖಚಿತಪಡಿಸಿಕೊಳ್ಳಬಹುದು. ರಾತ್ರಿಯಿಡೀ ನಿಂತು ತಣ್ಣಗಾದ ಇಂಜಿನನ್ನು ಚಾಲೂ ಮಾಡಿ ಒಂದೆರಡು ನಿಮಿಷದೊಳಗೆ ಎಕ್ಸಾಸ್ಟ್ ಮ್ಯಾನಿಫೋಲ್ಡಿನ ಪ್ರತಿ ಕವಲಿನ ಬುಡದ ಬಿಸಿಯನ್ನು ಅಳೆದರೆ, ಉರಿಯದ ಸಿಲಿಂಡರಿನ ಕವಲು ಉಳಿದವಕ್ಕಿಂತ ಸ್ಪಷ್ಟವಾಗಿ ತಣ್ಣಗಿರುತ್ತದೆ. ಹೊತ್ತು ಕಳೆದಂತೆ ಪಕ್ಕದ ಬಿಸಿ ಹರಡಿ ವ್ಯತ್ಯಾಸ ಮಾಸುತ್ತದೆ. ಕೆಲವರು ಮ್ಯಾನಿಫೋಲ್ಡಿನ ಮೇಲೆ ನೀರು ಸುರಿದು ಆವಿ ನೋಡುತ್ತಾರೆ; ಕಾದ ಎರಕದ ಕಬ್ಬಿಣಕ್ಕೆ ತಣ್ಣೀರು ಬಿದ್ದರೆ ಬಿರುಕು ಬಿಡಬಹುದಾದ್ದರಿಂದ ನಾನು ಅದನ್ನು ಒಪ್ಪುವುದಿಲ್ಲ.

ಆ ಸಿಲಿಂಡರಿಗೆ ಡೀಸೆಲ್ ಬರುತ್ತಿದೆಯೇ

ಸತ್ತ ಸಿಲಿಂಡರಿನ ನಟ್ಟು ಸಡಿಲಿಸಿದಾಗಲೇ ಈ ಪ್ರಶ್ನೆಗೆ ಅರ್ಧ ಉತ್ತರ ಸಿಕ್ಕಿರುತ್ತದೆ. ಪಕ್ಕದ ಪೈಪಿನಷ್ಟೇ ಜೋರಾಗಿ, ಬಿಟ್ಟು ಬಿಟ್ಟು ಚಿಮ್ಮುತ್ತಿದ್ದರೆ ಪಂಪ್ ತನ್ನ ಕೆಲಸ ಮಾಡುತ್ತಿದೆ. ನೊರೆನೊರೆಯಾಗಿ ಬಂದರೆ ಗಾಳಿ ಇದೆ. ಬಾರದೇ ಇದ್ದರೆ, ಅಥವಾ ಜಿನುಗಿದಂತೆ ಬಂದರೆ, ಪಂಪಿನ ಆ ಎಲಿಮೆಂಟ್ (ಆ ಸಿಲಿಂಡರಿಗೆ ಡೀಸೆಲ್ ಒತ್ತುವ ಭಾಗ), ಅದರ ಬಾಯಿಯಲ್ಲಿರುವ ಡೆಲಿವರಿ ವಾಲ್ವ್, ಇಲ್ಲವೇ ಪೈಪ್ ಈ ಮೂರರಲ್ಲಿ ಒಂದು ಕಾರಣ. ಎಲ್ಲ ನಟ್ಟುಗಳೂ ಬಿಗಿಯಾಗಿದ್ದು ಎಲ್ಲಿಯೂ ಸೋರಿಕೆ ಇಲ್ಲವೆಂದು ಕಣ್ಣಾರೆ ಖಚಿತಪಡಿಸಿಕೊಂಡ ಮೇಲೆ ಮಾತ್ರ ಪೈಪನ್ನು ಬೆರಳುಗಳಿಂದ ಹಗುರವಾಗಿ ಹಿಡಿದು ಅದರ ಮಿಡಿತವನ್ನು ಉಳಿದವುಗಳೊಂದಿಗೆ ಹೋಲಿಸಬಹುದು. ಮಿಡಿತ ಗಟ್ಟಿಯಾಗಿ, ಪೆಟ್ಟಿನಂತೆ ಬರುತ್ತಿದ್ದರೆ ನೋಜಲ್ ತೆರೆಯದೆ ಕಚ್ಚಿಕೊಂಡಿರಬಹುದು. ತೀರಾ ಮೆತ್ತಗಿದ್ದರೆ ನೋಜಲ್ ತೆರೆದೇ ಉಳಿದಿರಬಹುದು ಅಥವಾ ಪಂಪಿನ ಎಲಿಮೆಂಟ್ ಸವೆದಿರಬಹುದು.

ಪೈಪಿನ ವಿಚಾರದಲ್ಲಿ ಒಂದು ಮಾತು. ಸೋರುತ್ತದೆಂದು ನಟ್ಟನ್ನು ವರ್ಷಗಟ್ಟಲೆ ಬಿಗಿದು ಬಿಗಿದು ಪೈಪಿನ ತುದಿಯ ಉಬ್ಬು ಒಳಕ್ಕೆ ಕುಗ್ಗಿ, ರಂಧ್ರ ಕಿರಿದಾಗಿರುವುದುಂಟು. ಬಿಚ್ಚಿದ ಪೈಪಿನ ಎರಡೂ ತುದಿಗಳನ್ನು ಬೆಳಕಿಗೆ ಹಿಡಿದು ನೋಡಿದರೆ ಇದು ತಿಳಿಯುತ್ತದೆ. ಪೈಪುಗಳನ್ನು ಒಂದಕ್ಕೊಂದು ಕಟ್ಟುವ ಕ್ಲ್ಯಾಂಪುಗಳು ಕಳಚಿಹೋಗಿದ್ದರೆ ನಡುಗಿ ನಡುಗಿ ಕೂದಲೆಳೆಯ ಬಿರುಕು ಬಿಡುತ್ತದೆ. ಮಲ್ಪೆ, ಮಂಗಳೂರಿನ ದಕ್ಕೆಗಳಿಂದ ಮೀನು ಸಾಗಿಸುವ ಲಾರಿಗಳಲ್ಲಿ ಉಪ್ಪುನೀರಿಗೆ ಕ್ಲ್ಯಾಂಪು ಬೇಗ ತುಕ್ಕು ಹಿಡಿಯುವುದರಿಂದ ಈ ಭಾಗವನ್ನು ವಿಶೇಷವಾಗಿ ಪರೀಕ್ಷಿಸಬೇಕು.

ನೋಜಲ್ ಅದಲುಬದಲು

ಡೀಸೆಲ್ ಸರಿಯಾಗಿ ಬರುತ್ತಿದ್ದೂ ಸಿಲಿಂಡರ್ ಉರಿಯುತ್ತಿಲ್ಲವೆಂದರೆ ಮುಂದಿನ ಪರೀಕ್ಷೆ ಇದು. ಇಡೀ ಕ್ರಮದಲ್ಲಿ ಅತಿ ಕಡಿಮೆ ಖರ್ಚಿನಲ್ಲಿ ಅತಿ ಖಚಿತವಾದ ಉತ್ತರ ಕೊಡುವ ಹಂತವೂ ಇದೇ. ಸತ್ತ ಸಿಲಿಂಡರಿನ ನೋಜಲನ್ನು, ಚೆನ್ನಾಗಿ ಕೆಲಸ ಮಾಡುತ್ತಿರುವ ಇನ್ನೊಂದರೊಡನೆ ಬದಲಿಸಬೇಕು. ಉದಾಹರಣೆಗೆ ನಾಲ್ಕನೆಯದು ಸತ್ತಿದ್ದರೆ ಅದರ ನೋಜಲನ್ನು ಎರಡಕ್ಕೆ, ಎರಡರದ್ದನ್ನು ನಾಲ್ಕಕ್ಕೆ ಹಾಕಬೇಕು. ಇಂಜಿನ್ ಚಾಲೂ ಮಾಡಿ ಪೈಪ್ ಸಡಿಲಿಸುವ ಪರೀಕ್ಷೆಯನ್ನು ಮತ್ತೆ ನಡೆಸಿದಾಗ ಮಿಸ್ ಎರಡಕ್ಕೆ ಹೋಗಿದ್ದರೆ ದೋಷ ನೋಜಲಿನದ್ದು. ನಾಲ್ಕರಲ್ಲಿಯೇ ಉಳಿದಿದ್ದರೆ ನೋಜಲ್ ನಿರ್ದೋಷಿ. ಅಲ್ಲಿಗೆ ಆರು ನೋಜಲಿನ ಖರ್ಚು ಉಳಿಯಿತು.

ಬಿಚ್ಚುವ ಮುನ್ನ ನೋಜಲಿನ ಸುತ್ತ ಗಾಳಿ ಹೊಡೆದು ಮಣ್ಣು ತೆಗೆಯಬೇಕು, ಇಲ್ಲವಾದರೆ ಕೆಂಪುಧೂಳು ನೇರವಾಗಿ ಸಿಲಿಂಡರಿಗೆ ಬೀಳುತ್ತದೆ. ಬಿಚ್ಚಿದ ಪೈಪಿನ ಬಾಯಿಗಳನ್ನು ಸ್ವಚ್ಛವಾದ ಪ್ಲಾಸ್ಟಿಕ್ಕಿನಿಂದ ಮುಚ್ಚಬೇಕು. ನೋಜಲಿನ ತುದಿಯ ತಾಮ್ರದ ವಾಷರ್ ಅದರೊಂದಿಗೇ ಹೊರಬಂದಿದೆಯೇ ಎಂದು ನೋಡಲೇಬೇಕು. ಹಳೆಯ ವಾಷರ್ ಗುಂಡಿಯಲ್ಲೇ ಉಳಿದು ಅದರ ಮೇಲೆ ಹೊಸದು ಕೂತರೆ ನೋಜಲ್ ಎತ್ತರವಾಗಿ, ಸಿಂಪಡಣೆ ತಪ್ಪು ಜಾಗಕ್ಕೆ ಬಿದ್ದು, ಹೊಸದೊಂದು ಮಿಸ್ ಹುಟ್ಟುತ್ತದೆ. ವಾಷರಿನ ಸುತ್ತ ಕಪ್ಪು ಮಸಿಯ ಗೆರೆ ಇದ್ದರೆ ಕಂಪ್ರೆಶನ್ ಅಲ್ಲಿಂದಲೇ ಹೊರಹೋಗುತ್ತಿತ್ತು ಎಂದರ್ಥ. ಹಾಗಿರುವಾಗ ಹೊಸ ವಾಷರ್ ಒಂದರಿಂದಲೇ ಕೆಲಸ ಮುಗಿಯಬಹುದು. ಮರಳಿ ಜೋಡಿಸುವಾಗ ಹೊಸ ವಾಷರ್ ಹಾಕಿ, ಕ್ಲ್ಯಾಂಪಿನ ಎರಡು ನಟ್ಟುಗಳನ್ನು ಸ್ವಲ್ಪ ಸ್ವಲ್ಪವಾಗಿ, ಸಮನಾಗಿ, ಇಂಜಿನ್ ಕೈಪಿಡಿ ಹೇಳಿದ ಟಾರ್ಕಿಗೆ ಬಿಗಿಯಬೇಕು.

ದೋಷ ನೋಜಲಿನದ್ದೇ ಎಂದಾದರೆ ಅದನ್ನು ಪಂಪ್ ನೋಜಲ್ ಕೆಲಸದವರ ಟೆಸ್ಟರಿನಲ್ಲಿ ನೀವು ಎದುರಿಗೆ ನಿಂತು ಪರೀಕ್ಷೆ ಮಾಡಿಸಬೇಕು. ತೆರೆಯುವ ಒತ್ತಡ ನಿಮ್ಮ ಇಂಜಿನಿಗೆ ನಿಗದಿಯಾದಷ್ಟಿದೆಯೇ, ಎಲ್ಲ ರಂಧ್ರಗಳಿಂದಲೂ ಮಂಜಿನಂತೆ ಸಮನಾಗಿ ಸಿಂಪಡಿಸುತ್ತಿದೆಯೇ, ತೆರೆಯುವ ಒತ್ತಡಕ್ಕಿಂತ ಸ್ವಲ್ಪ ಕೆಳಗೆ ಹಿಡಿದು ನಿಲ್ಲಿಸಿದಾಗ ತುದಿ ಒಣಗಿರುತ್ತದೆಯೇ, ಗೇಜಿನ ಮುಳ್ಳು ಥಟ್ಟನೆ ಬೀಳದೆ ನಿಧಾನವಾಗಿ ಇಳಿಯುತ್ತದೆಯೇ ಎಂಬ ನಾಲ್ಕನ್ನೂ ಕೇಳಿ ನೋಡಬೇಕು. ಒತ್ತಡವೊಂದನ್ನೇ ಹೊಂದಿಸಿ ಕೊಟ್ಟ ನೋಜಲ್ ತುದಿಯಲ್ಲಿ ಹನಿಸುತ್ತಿದ್ದರೆ ಪಿಸ್ಟನ್ನಿನ ತಲೆಯನ್ನೇ ಸುಡಬಲ್ಲದು. ನೋಜಲಿನೊಳಗಿನ ನೀಡಲ್ (ಸೂಜಿ) ಮತ್ತು ಅದರ ಬಾಡಿಯನ್ನು ಮೈಕ್ರಾನ್ ಲೆಕ್ಕದಲ್ಲಿ ಒಂದಕ್ಕೊಂದು ಹೊಂದಿಸಿ ಜೋಡಿಯಾಗಿ ಮಾಡಿರುತ್ತಾರೆ. ಒಂದರ ನೀಡಲನ್ನು ಮತ್ತೊಂದರ ಬಾಡಿಗೆ ಹಾಕುವುದು ಸಲ್ಲದು.

ನೀಡಲಿನ ಮೇಲೆ ಕಂದು ತುಕ್ಕಿನ ಕಲೆ ಕಂಡರೆ ಟ್ಯಾಂಕಿಗೆ ಹೋಗಿ ಹುಡುಕಬೇಕು. ವರ್ಷಕ್ಕೆ 3000 ಮಿ.ಮೀ.ಗೂ ಹೆಚ್ಚು ಮಳೆ ಬೀಳುವ ನಮ್ಮಲ್ಲಿ ಟ್ಯಾಂಕಿನ ಮುಚ್ಚಳದ ರಬ್ಬರ್ ಹೋಗಿದ್ದರೆ ನೀರು ಒಳಗೆ ಇಳಿಯುತ್ತದೆ. ಅರ್ಧ ಖಾಲಿ ಟ್ಯಾಂಕಿನಲ್ಲಿ ರಾತ್ರಿಯ ತೇವವೂ ಹನಿಗಟ್ಟುತ್ತದೆ. ನೀರು ಡೀಸೆಲ್ಲಿಗಿಂತ ಭಾರವಾದ್ದರಿಂದ ತಳದಲ್ಲಿ ನಿಂತಿರುತ್ತದೆ. ಲಾರಿ ಇಡೀ ರಾತ್ರಿ ಅಲುಗದೆ ನಿಂತ ಮೇಲೆ, ಬೆಳಗ್ಗೆ ಚಾಲೂ ಮಾಡುವ ಮುನ್ನ, ತಳದ ಡ್ರೈನ್ ಪ್ಲಗ್ ಸಡಿಲಿಸಿ ಗಾಜಿನ ಬಾಟಲಿಗೆ ಹಿಡಿದು ನೋಡಬೇಕು. ನೀರನ್ನು ತೆಗೆಯದೆ ಹೊಸ ನೋಜಲ್ ಹಾಕಿದರೆ ಅದಕ್ಕೂ ಅದೇ ಗತಿ.

ಪಂಪಿನ ಕಡೆಗೆ

ಪೈಪ್ ಚೆನ್ನಾಗಿದ್ದು ಡೀಸೆಲ್ ಬಾರದಿದ್ದರೆ ಮಾತ್ರ ಪಂಪನ್ನು ಸಂಶಯಿಸಬೇಕು. ಇಂಜಿನ್ ನಿಲ್ಲಿಸಿ, ಆ ಸಿಲಿಂಡರಿನ ಪೈಪನ್ನು ಪಂಪಿನ ತುದಿಯಲ್ಲಿ ಬಿಚ್ಚಿ, ಡೀಸೆಲ್ ಕಡಿದು ಇಂಜಿನ್ ನಿಲ್ಲಿಸುವ ಸ್ಟಾಪ್ ಕೇಬಲ್ ಎಳೆದಿಟ್ಟು, ಫೀಡ್ ಪಂಪಿನ ಹ್ಯಾಂಡ್ ಪ್ರೈಮರನ್ನು ಒತ್ತಬೇಕು. ಫೀಡಿನ ಸಣ್ಣ ಒತ್ತಡಕ್ಕೆ ಡೆಲಿವರಿ ವಾಲ್ವ್ ತೆರೆಯಬಾರದು. ಆ ವಾಲ್ವ್ ಇರುವ ಹೋಲ್ಡರಿನ ಬಾಯಿಯಲ್ಲಿ ಡೀಸೆಲ್ ಉಕ್ಕಿ ಬಂದರೆ ಆ ವಾಲ್ವ್ ಕೂರುತ್ತಿಲ್ಲ, ಅಂದರೆ ಕಸ ಸಿಕ್ಕಿಕೊಂಡಿದೆ ಅಥವಾ ಸ್ಪ್ರಿಂಗ್ ಮುರಿದಿದೆ. ವಾಲ್ವ್ ಸರಿ ಇದ್ದೂ, ಸ್ಟಾಪ್ ಕೇಬಲ್ ಬಿಟ್ಟು ಕ್ರ್ಯಾಂಕ್ ಮಾಡಿದಾಗ (ಸ್ಟಾರ್ಟರಿನಿಂದ ಇಂಜಿನ್ ತಿರುಗಿಸಿದಾಗ) ಡೀಸೆಲ್ ಚಿಮ್ಮದಿದ್ದರೆ ಎಲಿಮೆಂಟಿನೊಳಗಿನ ಪ್ಲಂಜರ್ ಕಚ್ಚಿದೆ ಅಥವಾ ಸವೆದಿದೆ. ಅಲ್ಲಿಂದ ಮುಂದೆ ಗ್ಯಾರೇಜಿನ ಬೆಂಚಿನ ಮೇಲೆ ಪಂಪ್ ಬಿಚ್ಚುವುದು ಬೇಡ. ಎಲಿಮೆಂಟುಗಳು ಕೊಡುವ ಡೀಸೆಲ್ಲಿನ ಪ್ರಮಾಣ ಒಂದಕ್ಕೊಂದು ಸಮನಾಗಿರಬೇಕು, ಅದನ್ನು ಅಳೆಯಲು ಕ್ಯಾಲಿಬ್ರೇಷನ್ ಬೆಂಚೇ ಬೇಕು. ಈ ಹಂತಕ್ಕೆ ಬಂದ ಪಂಪನ್ನು ಕಳುಹಿಸುವಾಗ ಎಷ್ಟನೆಯ ಎಲಿಮೆಂಟ್ ದುರ್ಬಲ ಎಂದು ಚೀಟಿ ಬರೆದು ಕಟ್ಟಬಹುದು.

ಟ್ಯಾಪೆಟ್ ಕವರಿನ ಕೆಳಗೆ

ಡೀಸೆಲ್ ಸರಿ, ನೋಜಲ್ ಸರಿ. ಆದರೂ ಮಿಸ್ ಅಲ್ಲೇ ಇದೆ. ಇನ್ನು ಕಂಪ್ರೆಶನ್ನಿನ ಪ್ರಶ್ನೆ. ಹೆಡ್ಡಿಗೆ ಕೈ ಹಾಕುವ ಮುನ್ನ ಟ್ಯಾಪೆಟ್ ಕವರ್ ತೆಗೆದು ಆ ಸಿಲಿಂಡರಿನ ಎರಡು ರಾಕರುಗಳನ್ನು (ವಾಲ್ವ್ ಒತ್ತುವ ತೋಳುಗಳನ್ನು) ನೋಡಬೇಕು. ಪುಷ್ ರಾಡ್ ಬಾಗಿದೆಯೇ, ವಾಲ್ವ್ ಸ್ಪ್ರಿಂಗ್ ತುಂಡಾಗಿದೆಯೇ, ಅಡ್ಜಸ್ಟಿಂಗ್ ಸ್ಕ್ರೂವಿನ ಲಾಕ್ ನಟ್ ಸಡಿಲವಾಗಿದೆಯೇ ಎಂಬುದು ಒಂದು ಟಾರ್ಚಿನ ಬೆಳಕಿನಲ್ಲಿ ತಿಳಿಯುತ್ತದೆ. ಇಂಜಿನನ್ನು ಕೈಯಿಂದ ತಿರುಗಿಸುತ್ತಾ ಪ್ರತಿ ವಾಲ್ವ್ ಎಷ್ಟು ಕೆಳಗಿಳಿಯುತ್ತದೆ ಎಂದು ಅಳೆದರೆ ಪುಷ್ ರಾಡನ್ನು ಎತ್ತುವ ಕ್ಯಾಮ್ ಸವೆದಿದೆಯೇ ಎಂಬುದೂ ಗೊತ್ತಾಗುತ್ತದೆ; ಸವೆದ ಕ್ಯಾಮಿನ ವಾಲ್ವ್ ಉಳಿದವಕ್ಕಿಂತ ಕಡಿಮೆ ಇಳಿಯುತ್ತದೆ.

ಕ್ಲಿಯರೆನ್ಸ್, ಅಂದರೆ ರಾಕರ್ ಮತ್ತು ವಾಲ್ವ್ ನಡುವಿನ ಸಂದು, ಅಳೆಯಲು ಜೋಡಿ ಸಿಲಿಂಡರಿನ (ಪಿಸ್ಟನ್ ಒಟ್ಟಿಗೆ ಏರಿಳಿಯುವ ಎರಡರ) ವಿಧಾನ ಸುಲಭ. ಆರು ಸಿಲಿಂಡರಿನ ಇಂಜಿನುಗಳಲ್ಲಿ ಫೈರಿಂಗ್ ಆರ್ಡರ್ (ಉರಿಯುವ ಸರದಿ) 1-5-3-6-2-4 ಇರಲಿ, 1-4-2-6-3-5 ಇರಲಿ, ಜೋಡಿಗಳು ಮಾತ್ರ ಒಂದಕ್ಕೆ ಆರು, ಎರಡಕ್ಕೆ ಐದು, ಮೂರಕ್ಕೆ ನಾಲ್ಕು. ನಾಲ್ಕನ್ನು ಅಳೆಯಬೇಕಾದರೆ ಮೂರರ ಎಕ್ಸಾಸ್ಟ್ ವಾಲ್ವ್ ಮುಚ್ಚುತ್ತಾ ಇನ್‌ಲೆಟ್ ವಾಲ್ವ್ ತೆರೆಯಲು ಆರಂಭಿಸುವ ಸ್ಥಾನದಲ್ಲಿ ಇಂಜಿನನ್ನು ನಿಲ್ಲಿಸಬೇಕು. ಆಗ ನಾಲ್ಕರ ಎರಡೂ ವಾಲ್ವ್ ಪೂರ್ತಿ ಮುಚ್ಚಿರುತ್ತವೆ. ಕ್ಲಿಯರೆನ್ಸ್ ಎಷ್ಟಿರಬೇಕು, ತಣ್ಣಗಿರುವಾಗ ಅಳೆಯಬೇಕೋ ಬಿಸಿಯಿರುವಾಗಲೋ ಎಂಬುದನ್ನು ಆಯಾ ಇಂಜಿನಿನ ಕೈಪಿಡಿಯಿಂದಲೇ ತೆಗೆದುಕೊಳ್ಳಬೇಕು. ಕ್ಲಿಯರೆನ್ಸ್ ಸೊನ್ನೆಯಾಗಿರುವ ಎಕ್ಸಾಸ್ಟ್ ವಾಲ್ವ್ ಬಿಸಿಯಲ್ಲಿ ಉದ್ದವಾಗಿ, ಸೀಟಿನ ಮೇಲೆ ಕೂರದೆ, ಅಂಚು ಸುಟ್ಟುಕೊಳ್ಳುತ್ತದೆ. ಸುಡುವ ಮುನ್ನವೇ ಕಂಡುಬಂದರೆ ಟ್ಯಾಪೆಟ್ ಹೊಂದಿಸುವುದರಿಂದಲೇ ಸಿಲಿಂಡರ್ ಮತ್ತೆ ಜೀವ ಹಿಡಿಯುತ್ತದೆ.

ಗಾಳಿ ಹಾಕಿ ಕೇಳುವುದು

ಕಂಪ್ರೆಶನ್ ಗೇಜಿದ್ದರೆ ಡೀಸೆಲ್ ಇಂಜಿನಿಗೆ ಮಾಡಿದ್ದೇ ಆಗಬೇಕು. ಪೆಟ್ರೋಲ್ ಇಂಜಿನಿನ ಗೇಜ್ ಈ ಒತ್ತಡಕ್ಕೆ ಒಡೆಯುತ್ತದೆ. ಬಿಸಿ ಇಂಜಿನ್, ಪೂರ್ತಿ ಚಾರ್ಜ್ ಇರುವ ಬ್ಯಾಟರಿ, ಎಳೆದ ಸ್ಟಾಪ್ ಕೇಬಲ್, ಹೀಗೆ ಎಲ್ಲ ಸಿಲಿಂಡರುಗಳನ್ನೂ ಒಂದೇ ರೀತಿಯಲ್ಲಿ ಅಳೆದು, ಒಂದು ಉಳಿದವಕ್ಕಿಂತ ಎಷ್ಟು ಕೆಳಗಿದೆ ಎಂದು ನೋಡಬೇಕು. ಆದರೆ ಗೇಜು ಕಂಪ್ರೆಶನ್ ಕಡಿಮೆ ಇದೆ ಎಂದಷ್ಟೇ ಹೇಳುತ್ತದೆ. ಅದು ಎಲ್ಲಿಂದ ಹೋಗುತ್ತಿದೆ ಎಂದು ಹೇಳುವುದು ಗಾಳಿಯ ಪರೀಕ್ಷೆ, ಆದ್ದರಿಂದ ನನ್ನ ಒಲವು ಇದರ ಕಡೆಗೆ. ಕೆಟ್ಟುಹೋದ ಹಳೆಯ ನೋಜಲ್ ಹೋಲ್ಡರಿನ ಒಳಭಾಗ ತೆಗೆದು, ಅದಕ್ಕೆ ಏರ್ ಹೋಸಿನ ನಿಪ್ಪಲ್ ಬೆಸುಗೆ ಹಾಕಿದರೆ ಅಡಾಪ್ಟರ್ ಸಿದ್ಧ. ಆ ಸಿಲಿಂಡರನ್ನು ಕಂಪ್ರೆಶನ್ ಸ್ಟ್ರೋಕಿನ ಟಾಪ್ ಡೆಡ್ ಸೆಂಟರಿಗೆ (ಪಿಸ್ಟನ್ ತುತ್ತತುದಿಯಲ್ಲಿರುವ ಸ್ಥಾನ) ತಂದು 5 ಬಾರ್ ಒತ್ತಡದ ಗಾಳಿ ಬಿಡಬೇಕು. 97 ಮಿ.ಮೀ. ಪಿಸ್ಟನ್ನಿನ ಮೇಲೆ ಆ ಗಾಳಿ ಸುಮಾರು 370 ಕಿಲೋ ತೂಕದಷ್ಟು ಬಲದಿಂದ ಒತ್ತುವುದರಿಂದ, ಸ್ಥಾನ ಕೂದಲೆಳೆ ತಪ್ಪಿದ್ದರೂ ಕ್ರ್ಯಾಂಕ್ ರಪ್ಪನೆ ತಿರುಗುತ್ತದೆ. ಇಂಜಿನ್ ತಿರುಗಿಸಲು ಕ್ರ್ಯಾಂಕಿನ ಪುಲ್ಲಿಗೆ ಹಾಕಿದ ಸ್ಪಾನರನ್ನು ತೆಗೆದಿರಬೇಕು, ಫ್ಯಾನಿನ ಬಳಿ ಯಾರ ಕೈಯೂ ಇರಬಾರದು, ಗಾಳಿಯನ್ನು ನಿಧಾನವಾಗಿ ಏರಿಸಬೇಕು.

ಈಗ ಕಿವಿಗೆ ಕೆಲಸ. ಏರ್ ಕ್ಲೀನರಿನ ಪೈಪಿನಲ್ಲಿ ಸುಯ್ ಎಂದು ಕೇಳಿದರೆ ಇನ್‌ಲೆಟ್ ವಾಲ್ವ್, ಸೈಲೆನ್ಸರಿನಲ್ಲಿ ಕೇಳಿದರೆ ಎಕ್ಸಾಸ್ಟ್ ವಾಲ್ವ್ ಕೂರುತ್ತಿಲ್ಲ. ರೇಡಿಯೇಟರಿನ ನೀರಿನಲ್ಲಿ ಗುಳ್ಳೆ ಎದ್ದರೆ ಹೆಡ್ ಗ್ಯಾಸ್ಕೆಟ್ ಹೋಗಿದೆ, ಇಲ್ಲವೇ ಹೆಡ್ ಅಥವಾ ಲೈನರ್ (ಸಿಲಿಂಡರಿನ ಒಳಗೋಡೆ) ಬಿರುಕು ಬಿಟ್ಟಿದೆ. ಪಕ್ಕದ ಸಿಲಿಂಡರಿನ ನೋಜಲ್ ಗುಂಡಿಯಿಂದ ಗಾಳಿ ಬಂದರೆ ಎರಡರ ನಡುವಿನ ಗ್ಯಾಸ್ಕೆಟ್ ಸುಟ್ಟಿದೆ. ಆಯಿಲ್ ತುಂಬುವ ಬಾಯಿಯಲ್ಲಿ ಸ್ವಲ್ಪ ಗಾಳಿ ಬರುವುದು ಎಲ್ಲ ಸಿಲಿಂಡರುಗಳಲ್ಲಿಯೂ ಸಹಜ. ಉಳಿದವಕ್ಕಿಂತ ಬಹಳ ಜೋರಾಗಿದ್ದರೆ ಮಾತ್ರ ರಿಂಗ್, ಪಿಸ್ಟನ್, ಲೈನರ್ ಕಡೆಗೆ ನೋಡಬೇಕು; ಗ್ಯಾರೇಜಿನಲ್ಲಿ ಬ್ಯಾಕ್ ಕಂಪ್ರೆಶನ್ ಎನ್ನುವುದು ಇದನ್ನೇ. ಹೆಡ್ ಬಿಚ್ಚುವ ನಿರ್ಧಾರ ಈ ಪರೀಕ್ಷೆಯ ನಂತರವೇ ಆಗಬೇಕು.

ಸರಿಪಡಿಸಿದ ಮೇಲೆ

ಮಿಸ್ ಇದ್ದಷ್ಟು ದಿನ ಉರಿಯದ ಡೀಸೆಲ್ ಲೈನರಿನ ಆಯಿಲ್ ತೊಳೆದುಕೊಂಡು ಇಂಜಿನಿನ ತಳದ ಆಯಿಲ್ ತೊಟ್ಟಿಗೆ ಇಳಿದಿರುತ್ತದೆ. ಡಿಪ್‌ಸ್ಟಿಕ್ಕಿನಲ್ಲಿ ಮಟ್ಟ ಏರಿದ್ದರೆ, ಆಯಿಲ್ ತೆಳುವಾಗಿ ಡೀಸೆಲ್ ವಾಸನೆ ಬರುತ್ತಿದ್ದರೆ ಆಯಿಲ್ ಮತ್ತು ಫಿಲ್ಟರ್ ಬದಲಿಸದೆ ಲಾರಿಯನ್ನು ದುಡಿಸಬಾರದು. ಇದೇ ಕಾರಣಕ್ಕೆ, ಮಿಸ್ ಹೊಡೆಯುವ ಲಾರಿಯನ್ನು ಲೋಡ್ ಸಹಿತ ಶಿರಾಡಿ ಘಾಟಿ ಹತ್ತಿಸುವ ಸಾಹಸವನ್ನು ಯಾವ ಮಾಲೀಕರೂ ಚಾಲಕರಿಂದ ಕೇಳಬಾರದು. ತೆಳುವಾದ ಆಯಿಲಿನಲ್ಲಿ ಘಾಟಿಯ ಹೊರೆ ಬಿದ್ದರೆ ಬೇರಿಂಗ್ ಉಳಿಯುವುದಿಲ್ಲ.

ಫಿಲ್ಟರಿನಿಂದ ಆರಂಭಿಸಿ ಪಂಪಿನವರೆಗೆ ಗಾಳಿ ತೆಗೆದು, ಇಂಜಿನ್ ಬಿಸಿಯಾದ ಮೇಲೆ ಪೈಪ್ ಸಡಿಲಿಸುವ ಪರೀಕ್ಷೆಯನ್ನು ಆರೂ ಸಿಲಿಂಡರುಗಳಿಗೆ ಮತ್ತೊಮ್ಮೆ ನಡೆಸಿ, ಹಿಂದೆ ಬರೆದಿಟ್ಟ ಫಲಿತಾಂಶದ ಪಕ್ಕದಲ್ಲಿ ಬರೆಯಬೇಕು. ಆಮೇಲೆ ಒಂದು ಏರಿನಲ್ಲಿ ಓಡಿಸಿ ನೋಡಬೇಕು. ಉಡುಪಿಯವರಿಗೆ ಮಣಿಪಾಲಕ್ಕೆ ಹತ್ತುವ ದಾರಿ, ವಾಹನ ಕಡಿಮೆ ಇರುವ ಬೆಳಗಿನ ಹೊತ್ತಿನಲ್ಲಿ, ಇದಕ್ಕೆ ಸಾಕು. ಮೊದಲ ಲೋಡ್ ಇಳಿಸಿ ಬಂದು ಇಂಜಿನ್ ತಣ್ಣಗಾದಾಗ ನೋಜಲ್ ಕ್ಲ್ಯಾಂಪಿನ ನಟ್ಟುಗಳನ್ನು ಟಾರ್ಕ್ ವ್ರೆಂಚಿನಿಂದ ಪುನಃ ಪರೀಕ್ಷಿಸಿ, ಪ್ರತಿ ಪೈಪ್ ನಟ್ಟಿನ ಬುಡವನ್ನು ಒಣಬಟ್ಟೆಯಿಂದ ಒರೆಸಿಟ್ಟು, ಮಾರನೆಯ ದಿನ ಅಲ್ಲಿ ಡೀಸೆಲ್ ಜಿನುಗಿದೆಯೇ ಎಂದು ನೋಡಬೇಕು.